ಹತ್ತಿಯುಂಡೆ, ಶೇ 5ರ ಆಸಿಡ್, ಪೂರಾ ಒಂದು ನಿಮಿಷ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಬೇಕಾದ ಸಾಮಾನೆಲ್ಲ ಒಂದೇ ಟ್ರೇಯಲ್ಲಿ ಹಿಡಿಯುತ್ತದೆ. ಗರ್ಭಕಂಠಕ್ಕೆ ಅಸಿಟಿಕ್ ಆಸಿಡ್ ಹಚ್ಚಿ, ಕೆಟ್ಟ ಜಾಗ ಬೆಳ್ಳಗಾಗುತ್ತದೆಯೇ ಎಂದು ಬರಿಗಣ್ಣಿನಲ್ಲಿ ನೋಡುವ ಈ ಪರೀಕ್ಷೆಯನ್ನು ವಿಐಎ ಅನ್ನುತ್ತೇವೆ. ಲ್ಯಾಬ್ ಬೇಡ, ವರದಿಗೆ ಕಾಯುವುದೂ ಬೇಡ. ಮುಂಬೈಯ ಕೊಳೆಗೇರಿಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ವಿಐಎ ಮಾಡಿದರು. ಅಲ್ಲಿ ಈ ಕ್ಯಾನ್ಸರಿನ ಸಾವು ಶೇ 31ರಷ್ಟು ಇಳಿಯಿತು. ಸ್ಟಾಫ್ ನರ್ಸ್ ಇದನ್ನು ಮಾಡಬಲ್ಲರೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಪರೀಕ್ಷೆ ಕೆಟ್ಟರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ರಿಜಿಸ್ಟರಿನಲ್ಲಿ ‘ನೆಗೆಟಿವ್’ ಎಂದು ದಾಖಲಾಗುತ್ತದೆ, ಪರೀಕ್ಷೆಗೆ ಬಂದ ಮಹಿಳೆ ಮುಂದಿನ ತಪಾಸಣೆಯವರೆಗೆ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ.

ಮೊದಲು ಆಸಿಡ್. 95 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ 5 ಮಿ.ಲೀ. ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಸಿಡ್ ಸೇರಿಸಿದರೆ ಶೇ 5ರ ದ್ರಾವಣ ಸಿಗುತ್ತದೆ. ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡಿಗಲ್ಲ. ದಿನದ ಕೆಲಸಕ್ಕೆ ಆಗುವಷ್ಟನ್ನೇ ಬೆಳಿಗ್ಗೆ ಮಾಡಿ, ಸಂಜೆ ಉಳಿದದ್ದನ್ನು ಚೆಲ್ಲಿ. ಮುಚ್ಚಳ ತೆರೆದಿಟ್ಟ, ವಾರದ ಹಿಂದಿನ ದ್ರಾವಣದ ಕಸುವು ಇಳಿದಿರುತ್ತದೆ. ಬೆಳ್ಳಗಾಗಬೇಕಾದ ಜಾಗ ಬೆಳ್ಳಗಾಗುವುದೇ ಇಲ್ಲ. ಕೊಡಗು, ಚಿಕ್ಕಮಗಳೂರಿನಂಥ ಕಡೆ ಚಳಿಗಾಲದ ಬೆಳಿಗ್ಗೆ ಗ್ಲೇಶಿಯಲ್ ಆಸಿಡ್ ಬಾಟಲಿಯಲ್ಲೇ ಗಟ್ಟಿಯಾಗುವುದುಂಟು, 16–17 ಡಿಗ್ರಿಗೇ ಅದು ಹೆಪ್ಪುಗಟ್ಟುತ್ತದೆ. ಪೂರ್ತಿ ಕರಗಿದ ಮೇಲೆಯೇ ಅಳೆಯಿರಿ. ಇನ್ನೊಂದು ಮಾತಿನಲ್ಲಿ ರಾಜಿ ಬೇಡ: ಗ್ಲೇಶಿಯಲ್ ಬಾಟಲಿ ತಪಾಸಣೆ ಕೋಣೆಯೊಳಗೆ ಬರಲೇಬಾರದು. ನೀರು ಬೆರೆಸದ ಆಸಿಡ್ ತಾಗಿದರೆ ಸುಟ್ಟ ಗಾಯವಾಗುತ್ತದೆ. ಬೆರೆಸಿದ್ದಕ್ಕೆ ಬೇರೆ ಬಾಟಲಿ, ಅದರ ಮೇಲೆ ಪ್ರಮಾಣ ಮತ್ತು ತಾರೀಖು ಬರೆದ ಚೀಟಿ ಇರಲಿ.

ಬೆಳಕು ಬಿಳಿಯದೇ ಆಗಬೇಕು. ಹಳದಿ ಬಲ್ಬಿನಡಿ ಬಿಳಿ ಕಲೆ ಗುರುತು ಸಿಗುವುದು ಕಷ್ಟ. ಕರೆಂಟ್ ಹೋದಾಗ ಮೊಬೈಲ್ ಟಾರ್ಚಿನಲ್ಲಿ ಸುಧಾರಿಸುವುದಕ್ಕಿಂತ ಚಾರ್ಜ್ ಮಾಡಿದ ಎಲ್‌ಇಡಿ ದೀಪ ಪಕ್ಕದಲ್ಲಿರಲಿ.

ನಮ್ಮ ದೇಶದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರನ್ನು 5 ವರ್ಷಕ್ಕೊಮ್ಮೆ ನೋಡಬೇಕು. ಮುಟ್ಟಿನ ದಿನಗಳಲ್ಲಿ, ಬಸುರಿನಲ್ಲಿ, ಹೆರಿಗೆಯಾಗಿ 12 ವಾರದೊಳಗೆ ಬೇಡ. ಮೂತ್ರಕ್ಕೆ ಹೋಗಿಬರಲು ಹೇಳಿ. ಗರ್ಭಕಂಠ ಕಾಣುವಂತೆ ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ಮಿಗೆ ಜೆಲ್ಲಿ ಹಚ್ಚಬೇಡಿ, ಬೆಚ್ಚಗಿನ ನೀರಲ್ಲಿ ಅದ್ದಿದರೆ ಸಾಕು. ಒಣ ಹತ್ತಿಯಿಂದ ಲೋಳೆ ಒರೆಸಿ, ಆಸಿಡ್ ಹಚ್ಚುವ ಮೊದಲೇ ಒಮ್ಮೆ ಚೆನ್ನಾಗಿ ನೋಡಿ. ಹೂಕೋಸಿನಂಥ ಬೆಳವಣಿಗೆ, ಹುಣ್ಣು, ಮುಟ್ಟಿದರೆ ರಕ್ತ ಕಂಡರೆ ವಿಐಎ ಅಗತ್ಯವೇ ಇಲ್ಲ; ನೇರವಾಗಿ ಮೇಲಿನ ಆಸ್ಪತ್ರೆಗೆ ಕಳಿಸಬೇಕು.

ಆಮೇಲೆ ಎಸ್‌ಸಿಜೆ ಹುಡುಕಬೇಕು. ಹೊರಗಿನ ನಸುಗೆಂಪು ಪದರವೂ ಒಳಗಿನ ಕಡುಕೆಂಪು ಪದರವೂ ಕೂಡುವ ಗೆರೆ ಅದು. ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ ಕೆಡಿಸುವುದು ಹೆಚ್ಚಾಗಿ ಈ ಗೆರೆಯ ಆಸುಪಾಸನ್ನೇ. ಗೆರೆ ಸುತ್ತಲೂ ಕಾಣದಿದ್ದರೆ ‘ನೆಗೆಟಿವ್’ ಎಂದು ಬರೆಯಬಾರದು. ಮುಟ್ಟು ನಿಂತವರಲ್ಲಿ ಸಾಮಾನ್ಯವಾಗಿ ಇದು ಗರ್ಭಕಂಠದ ಕಾಲುವೆಯೊಳಗೆ ಸರಿದುಬಿಡುತ್ತದೆ, ಬರಿಗಣ್ಣಿಗೆ ಸಿಗುವುದಿಲ್ಲ. ಅಂಥವರಿಗೆ ಎಚ್‌ಪಿವಿ ಪರೀಕ್ಷೆಯೋ, ಗರ್ಭಕಂಠದ ಜೀವಕೋಶಗಳನ್ನು ತೆಗೆದು ಲ್ಯಾಬಿನಲ್ಲಿ ನೋಡುವ ಪ್ಯಾಪ್ ಸ್ಮಿಯರೋ ಬೇಕು. 30 ದಾಟಿದವರಿಗೆಲ್ಲ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯೇ ಮೊದಲ ಆಯ್ಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ, ಅದು ಸಿಗುವ ಕಡೆ ಅದನ್ನೇ ಮಾಡಿ.

ಆಸಿಡಿನಲ್ಲಿ ತೋಯ್ದ ಹತ್ತಿಯುಂಡೆಯನ್ನು ಗರ್ಭಕಂಠಕ್ಕೆ ಒತ್ತಿಹಿಡಿದು ಪೂರಾ ಒಂದು ನಿಮಿಷ ಕಾಯಬೇಕು. ಅಂದಾಜು ಬೇಡ, ಗಡಿಯಾರ ನೋಡಿ. ಹೊರಗೆ ನಲವತ್ತು ಜನ ಸಾಲಿನಲ್ಲಿ ನಿಂತಾಗ ಈ ನಿಮಿಷ ಹದಿನೈದು ಸೆಕೆಂಡಿಗೆ ಇಳಿಯುತ್ತದೆ, ತಪಾಸಣೆ ಕೆಡುವುದು ಅಲ್ಲೇ. ಕೆಟ್ಟ ಜೀವಕೋಶಗಳಲ್ಲಿ ಕೋಶಕೇಂದ್ರ ದೊಡ್ಡದು, ಪ್ರೋಟೀನ್ ಹೆಚ್ಚು. ಆಸಿಡ್ ಆ ಪ್ರೋಟೀನನ್ನು ಹೆಪ್ಪುಗಟ್ಟಿಸಿದಾಗಲೇ ದಟ್ಟ ಬಿಳುಪು ಬರುವುದು, ಅದಕ್ಕೆ ಸಮಯ ಹಿಡಿಯುತ್ತದೆ.

ಎಸ್‌ಸಿಜೆಗೆ ತಾಗಿಕೊಂಡಿರುವ, ಅಂಚು ಸ್ಪಷ್ಟವಾದ, ಸುಣ್ಣ ಬಳಿದಂಥ ದಟ್ಟ ಬಿಳುಪು ಇದ್ದರೆ ಪಾಸಿಟಿವ್. ತೆಳುವಾಗಿ ಹರಡಿಕೊಂಡ, ಬೇಗ ಮಾಯವಾಗುವ ಬಿಳುಪು ಪಾಸಿಟಿವ್ ಅಲ್ಲ. ಗುಂಡಿಯಂತೆ ಉಬ್ಬಿದ ನಬೋಥಿಯನ್ ಗುಳ್ಳೆ, ಎಸ್‌ಸಿಜೆಯಿಂದ ದೂರದ ತುಣುಕುಗಳು, ಚುಕ್ಕಿ ಚುಕ್ಕಿ ಬಿಳುಪು ಕೂಡ ಅಲ್ಲ. ಕಂಡದ್ದನ್ನು ವೃತ್ತ ಬರೆದು ಗಡಿಯಾರದ ಲೆಕ್ಕದಲ್ಲಿ ಗುರುತಿಸಿ, ‘2ರಿಂದ 5 ಗಂಟೆಯ ನಡುವೆ’ ಎಂಬಂತೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ಪರೀಕ್ಷೆ) ಮಾಡುವವರಿಗೆ ‘ವಿಐಎ ಪಾಸಿಟಿವ್’ ಎಂಬ ಎರಡೇ ಪದದ ಚೀಟಿಯಿಂದ ಏನೂ ತಿಳಿಯದು. ಸ್ಪೆಕ್ಯುಲಮ್ ತೆಗೆಯುವ ಮೊದಲು ಉಳಿದ ಆಸಿಡ್ ಒರೆಸಲು ಮರೆಯಬೇಡಿ, ಇಲ್ಲದಿದ್ದರೆ ಉರಿಯುತ್ತದೆ.

ಪಾಸಿಟಿವ್ ಬಂದವರಿಗೆ ಫಲಿತಾಂಶ ಹೇಳುವಾಗ ಮೊದಲ ಮಾತು ಹೀಗಿರಲಿ: “ಅಕ್ಕಾ, ಪಾಸಿಟಿವ್ ಅಂದರೆ ಕ್ಯಾನ್ಸರ್ ಇದೆ ಎಂದಲ್ಲ. ಮುಂದೆ ಕ್ಯಾನ್ಸರ್ ಆಗಬಹುದಾದ ಕಲೆ ಇರಬಹುದು. ಈಗಲೇ ತೆಗೆದರೆ ವಾಸಿಯಾಗುತ್ತದೆ.” ಇದನ್ನು ಕಾರಿಡಾರಿನಲ್ಲಿ ನಿಂತು ಹೇಳುವುದಲ್ಲ. ‘ಯಾರಿಂದ ಬಂತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಎಚ್‌ಪಿವಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ಯಾವಾಗ ಯಾರಿಂದ ಬಂತೆಂದು ಹೇಳಲು ಬರುವುದಿಲ್ಲ, ಆಕೆಯ ಅಥವಾ ಗಂಡನ ನಡತೆಗೆ ಅದು ಸಾಕ್ಷಿಯಲ್ಲ ಎಂದು ಬಿಡಿಸಿ ಹೇಳಿ.

ಪಾಸಿಟಿವ್ ಬಂದವರು ಇನ್ನೊಂದು ದಿನ ಬರುತ್ತೇನೆಂದು ಹೋದರೆ ಬಹಳಷ್ಟು ಸಲ ಬರುವುದಿಲ್ಲ. ಕೂಲಿ ತಪ್ಪುತ್ತದೆ, ಬಸ್ ಇಲ್ಲ, ಮನೆಯಲ್ಲಿ ಬಿಡುವುದಿಲ್ಲ. ಅದಕ್ಕೇ ಕಲೆಯನ್ನು ಕಾವಿನಿಂದ ಸುಡುವ ಥರ್ಮಲ್ ಅಬ್ಲೇಶನ್ ಯಂತ್ರವೂ ಕಲಿತ ಕೈಯೂ ಇರುವ ಕಡೆ ಅವತ್ತೇ ಚಿಕಿತ್ಸೆ ಕೊಡುವುದು ನಮಗೆ ಸರಿಯೆನಿಸುತ್ತದೆ. ಪ್ರೋಬನ್ನು 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ 20ರಿಂದ 30 ಸೆಕೆಂಡು ಇಡಬೇಕು. ಕಲೆ ದೊಡ್ಡದಿದ್ದರೆ ಒಂದರ ಮೇಲೊಂದು ತುಸು ಬೀಳುವಂತೆ ಸರಿಸಿ ಮತ್ತೆ ಇಡಬೇಕು. ಕಲೆ ಪೂರ್ತಿ ಕಾಣಬೇಕು, ಕಾಲುವೆಯೊಳಗೆ ಹೋಗಿರಬಾರದು, ಗರ್ಭಕಂಠದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಆವರಿಸಿರಬಾರದು, ಕ್ಯಾನ್ಸರಿನ ಅನುಮಾನ ಕಿಂಚಿತ್ತೂ ಇರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಕಾಲ್ಪೊಸ್ಕೋಪಿ, ಬಯಾಪ್ಸಿ (ತುಣುಕು ತೆಗೆದು ಲ್ಯಾಬಿನಲ್ಲಿ ನೋಡುವುದು), ಬೇಕಾದರೆ ಲೀಪ್ (ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಕಲೆಯನ್ನು ಕತ್ತರಿಸಿ ತೆಗೆಯುವುದು). ಅಬ್ಲೇಶನ್ ಆದ ಮೇಲೆ 2ರಿಂದ 4 ವಾರ ಯೋನಿಯಿಂದ ನೀರುನೀರಾದ ಸ್ರಾವ ಹೋಗುತ್ತದೆ, ಅದು ಸಹಜ. ಒಂದು ತಿಂಗಳು ಗಂಡ ಹೆಂಡತಿ ಕೂಡಬಾರದು. ಜ್ವರ, ಕೆಟ್ಟ ವಾಸನೆ, ಗಡ್ಡೆಗಡ್ಡೆ ರಕ್ತ ಕಂಡರೆ ಕೂಡಲೇ ಬರಬೇಕು. ವರ್ಷ ತುಂಬಿದಾಗ ಮತ್ತೆ ತಪಾಸಣೆ.

ನಮ್ಮ ಕಡೆ ಒತ್ತಿ ಹೇಳಬೇಕಾದ್ದು ಗರ್ಭಚೀಲದ ವಿಚಾರ. ಬಿಳಿಸೆರಗು ಹೋಗುತ್ತದೆಂದು, ಅಥವಾ ವಿಐಎ ಪಾಸಿಟಿವ್ ಬಂತೆಂದು ಗರ್ಭಚೀಲವನ್ನೇ ತೆಗೆಸಿಕೊಂಡು ಬರುವವರಿದ್ದಾರೆ. ಆರಂಭದ ಕಲೆಗೆ ಸಾಮಾನ್ಯವಾಗಿ ಅಷ್ಟು ದೊಡ್ಡ ಆಪರೇಷನ್ ಬೇಕಿಲ್ಲ. ಇನ್ನೂ ಕೆಟ್ಟದ್ದೆಂದರೆ, ಒಳಗೆ ಕ್ಯಾನ್ಸರ್ ಇದ್ದದ್ದು ತಿಳಿಯದೆ ಸಾಧಾರಣ ಆಪರೇಷನ್ ಮಾಡಿಬಿಟ್ಟರೆ ರೋಗದ ಅಂಚು ಒಳಗೇ ಉಳಿಯಬಹುದು. ಮುಂದೆ ರೇಡಿಯೇಶನ್ ಕೊಡುವುದೂ ತೊಡಕಾಗುತ್ತದೆ, ಏಕೆಂದರೆ ಒಳಗಿನ ರೇಡಿಯೇಶನ್ನಿನ ಸಾಧನ ಇಡುವುದೇ ಗರ್ಭಚೀಲದೊಳಗೆ. ಅದಕ್ಕೇ ಆಶಾ ಕಾರ್ಯಕರ್ತೆಯರಿಗೆ ನಾವು ಹೇಳುವ ಮಾತು: “ಗರ್ಭಚೀಲ ತೆಗೆಸಿ ಅಂತ ಯಾರೇ ಹೇಳಲಿ, ಗರ್ಭಕಂಠದ ಪರೀಕ್ಷೆ ಆಯ್ತಾ ಅಂತ ಮೊದಲು ಕೇಳಿ.”

ತಾಯಿ ಟೇಬಲಿನಿಂದ ಇಳಿದ ಮೇಲೆ ಮಗಳ ವಯಸ್ಸು ಕೇಳಿ. 9ರಿಂದ 14ರೊಳಗಿದ್ದರೆ ಎಚ್‌ಪಿವಿ ಲಸಿಕೆಗೆ ಅದೇ ಸರಿಯಾದ ಕಾಲ. ಲಸಿಕೆ ಹಾಕಿಸಿಕೊಂಡವರಿಗೂ 30 ತುಂಬಿದ ಮೇಲೆ ತಪಾಸಣೆ ತಪ್ಪುವುದಿಲ್ಲ.

ಬಯಾಪ್ಸಿಯಲ್ಲಿ ಕ್ಯಾನ್ಸರೇ ಎಂದು ಬಂದರೆ ಚೀಟಿ ಕೊಟ್ಟು ಕಳಿಸಿದಲ್ಲಿಗೆ ನಮ್ಮ ಕೆಲಸ ಮುಗಿಯುವುದಿಲ್ಲ. ಬಿಪಿಎಲ್ ಕಾರ್ಡ್, ಆಧಾರ್, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ರೆಫರಲ್ ಪತ್ರ, ಬಯಾಪ್ಸಿ ವರದಿ ಎಲ್ಲ ಒಂದೇ ಕವರಿನಲ್ಲಿ ಹಾಕಿ ಕೊಡಿ. ಒಂದು ಕಾಗದ ಬಿಟ್ಟುಹೋದರೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದವರು ಮತ್ತೆ ಊರಿಗೆ ಓಡಾಡಬೇಕಾಗುತ್ತದೆ. ರೋಗ ತೀರಾ ಚಿಕ್ಕದಿದ್ದರೆ ಆಪರೇಷನ್. ಬೆಳೆದಿದ್ದರೆ ಸುಮಾರು ಐದು ವಾರ ಹೊರಗಿನ ರೇಡಿಯೇಶನ್, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ, ಆಮೇಲೆ ಬ್ರೇಕಿಥೆರಪಿ ಎಂಬ ಒಳಗಿನ ರೇಡಿಯೇಶನ್. ಇದೆಲ್ಲ 8 ವಾರದೊಳಗೆ ಮುಗಿಯಬೇಕು, ಎಳೆದಷ್ಟೂ ಫಲ ಕಡಿಮೆ. ರಕ್ತಹೀನತೆ ಇದ್ದರೂ ರೇಡಿಯೇಶನ್ ಚೆನ್ನಾಗಿ ಹಿಡಿಯುವುದಿಲ್ಲ, ಹಾಗಾಗಿ ಹಿಮೋಗ್ಲೋಬಿನ್ ಎಷ್ಟೆಂದು ಇಲ್ಲೇ ನೋಡಿ ಬರೆಯಿರಿ. ಹೊರಗಿನ ರೇಡಿಯೇಶನ್ ಮುಗಿಯುವಷ್ಟರಲ್ಲಿ ರಕ್ತ ಹೋಗುವುದು ನಿಂತಿರುತ್ತದೆ, ಗುಣವಾಯಿತೆಂದುಕೊಂಡು ಕೆಲವರು ಬ್ರೇಕಿಥೆರಪಿ ಬಿಟ್ಟು ಊರಿಗೆ ಬಂದುಬಿಡುತ್ತಾರೆ. ರೇಡಿಯೇಶನ್ ಶುರುವಾದ ತಾರೀಖನ್ನು ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟು, ಐದನೇ ವಾರ ಆಕೆಗೂ ಆ ಊರಿನ ಆಶಾಗೂ ಫೋನ್ ಮಾಡಿ ಬ್ರೇಕಿಥೆರಪಿಗೆ ದಿನ ಕೊಟ್ಟಿದ್ದಾರಾ ಎಂದು ಕೇಳಿ.