ರಾಗಿ ಹೂವಾಡುವ ಹೊತ್ತು

ತೀರಿಹೋದ ದೊಡ್ಡಪ್ಪನವರ ಶಿವಗಣಾರಾಧನೆಯಂದು ಸಹಕಾರನಗರದ ಮನೆಯ ಮುಂದಿನ ಶಾಮಿಯಾನದಡಿ ಮಾತನಾಡಿದವರೆಲ್ಲ ಅವರ ದೈವಭಕ್ತಿಯನ್ನು ಹೊಗಳಿದರು. ಸುಳ್ಳೇನಲ್ಲ, ಇಷ್ಟಲಿಂಗ ಪೂಜೆಯಾಗದೆ ಅವರು ಒಂದು ಗುಟುಕು ಕಾಫಿಯನ್ನೂ ಮುಟ್ಟಿದವರಲ್ಲ. ಹಲವರು ಕಾಯಕದ ಮಾತನ್ನೂ ತಂದರು. ದೊಡ್ಡಪ್ಪ ಅದನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ರಾಗಿ ತಳಿಯ ಕೆಲಸವನ್ನು ಹೆಚ್ಚಿನವರು ಒಂದೇ ವಾಕ್ಯದಲ್ಲಿ ಮುಗಿಸಿದರು. ಅವರ ಮನೆಯಲ್ಲಿದ್ದು ಪಿಯುಸಿ ಓದಿದ ನನಗೆ ಪೂಜೆಯನ್ನೂ ರಾಗಿಯನ್ನೂ ಹಾಗೆ ಬೇರ್ಪಡಿಸಿ ನೋಡಲು ಬರುವುದಿಲ್ಲ.

ರಾಗಿಯ ಹೂ ಅರಳುವುದು ನಡುರಾತ್ರಿ ಕಳೆದ ಮೇಲೆ, ಹೆಚ್ಚಾಗಿ 1ರಿಂದ 5 ಗಂಟೆಯೊಳಗೆ. ಹೂವು ತೀರಾ ಸಣ್ಣದಾದ್ದರಿಂದ ಒಂದೊಂದರ ಕೇಸರವನ್ನೂ ಚಿಮಟದಲ್ಲಿ ಕೀಳುವುದು ಬಲು ಪ್ರಯಾಸದ ಕೆಲಸ. ಹಾಗಾಗಿ ಹಸಿರು ಗಿಡದ ತೆನೆಯನ್ನೂ ನೇರಳೆ ಗಿಡದ ತೆನೆಯನ್ನೂ ಒಟ್ಟಿಗೆ ಕಟ್ಟಿ, ಮೇಲೆ ಕಾಗದದ ಚೀಲ ಹಾಕಿಬಿಡುತ್ತಾರೆ. ರಾಗಿ ತನ್ನ ಪರಾಗಕ್ಕೆ ತಾನೇ ಕಾಳು ಕಟ್ಟುವ ಬೆಳೆಯಾದ್ದರಿಂದ ನಿಜವಾಗಿ ಕೂಡಿದ ಕಾಳು ಸಿಗುವುದು ಅಪರೂಪ. ಮುಂದಿನ ಬೆಳೆಯಲ್ಲಿ ಹಸಿರು ತಾಯಿಯ ಕಾಳಿನಿಂದ ನೇರಳೆ ಬಣ್ಣದ ಸಸಿ ಬಂದರೆ ಅದೇ ಮಿಶ್ರತಳಿ, ಉಳಿದವನ್ನು ಕಿತ್ತೆಸೆಯಬೇಕು.

ಒಂದು ನವರಾತ್ರಿಯ ಆಸುಪಾಸಿನಲ್ಲಿ, ಬೆಳಕು ಹರಿಯುವ ಮುನ್ನವೇ ಅವರು ನನ್ನನ್ನು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಹೊಲಕ್ಕೆ ಕರೆದುಕೊಂಡು ಹೋದರು. ನಾನು ಟಾರ್ಚ್ ಹಿಡಿದರೆ ಅವರು ಸಾಲಿನುದ್ದಕ್ಕೂ ಬಾಗಿ ಚೀಲಗಳನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋಗುತ್ತಿದ್ದರು. "ಇಷ್ಟೆಲ್ಲ ಮಾಡಿಯೂ ಎಲ್ಲ ಹಸಿರೇ ಬಂದರೆ?" ಎಂದು ಕೇಳಿದೆ. "ಬರಲಿ ಮಗ, ಒಂದು ನೇರಳೆ ಕಾಣಿಸಿದ್ರೆ ಆಯ್ತು" ಎಂದರು. ಆಮೇಲೆ ಪಂಪ್‌ಸೆಟ್ ನೀರಿನಲ್ಲಿ ಮಿಂದು, ವಿಭೂತಿ ಧರಿಸಿ, ಬದುವಿನ ಮೇಲೆಯೇ ಟವೆಲ್ ಹಾಸಿಕೊಂಡು ಪೂಜೆಗೆ ಕುಳಿತರು. ಕೆಲಸದಾಳುಗಳಿಗೆ ಇದು ಹೊಸತಲ್ಲವೆಂಬುದು ಅವರು ಸುತ್ತಿಕೊಂಡು ಹೋದ ರೀತಿಯಲ್ಲೇ ತಿಳಿಯಿತು.

ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಸಿ.ಎಚ್. ಲಕ್ಷ್ಮಣಯ್ಯನವರ ಹೆಸರೆತ್ತಿದರೆ ದೊಡ್ಡಪ್ಪ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು. ತಮ್ಮ ಬಗ್ಗೆ ಮಾತ್ರ ಮಹಾ ಜಿಪುಣರು. ಬೆಂಕಿ ರೋಗ ತಡೆದುಕೊಳ್ಳುವ ಜಿಪಿಯು-28 ರಾಗಿ ತಳಿಯ ಬೀಜವನ್ನು ತುರುವೇಕೆರೆ ಕಡೆಯ ನಮ್ಮ ಊರಿಗೆ ಮೊದಲು ತಂದವರು ಅವರೇ ಎಂಬುದನ್ನೂ ನಾನು ಊರಿನವರಿಂದಲೇ ತಿಳಿಯಬೇಕಾಯಿತು. ಮನೆಯಲ್ಲಿ ಅವರದು ಒಂದೇ ಹಟ: ಎಷ್ಟು ಹೊತ್ತಾದರೂ ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು.

ಆರಾಧನೆಯ ಊಟ ಮುಗಿದ ಮೇಲೆ ಶಿಷ್ಯರೊಬ್ಬರು ಅವರ ಹೊಲದ ಪುಸ್ತಕ ಕೇಳಿದರು. "ಹಾಲಿನ ಲೆಕ್ಕದ ಹಾಳೆ ಹರಿದುಕೊಂಡು ಕೊಡ್ತೀನಿ ಕಣಪ್ಪ" ಎಂದು ದೊಡ್ಡಮ್ಮ ತೆರೆದು ನೋಡಿದರೆ, ಹಾಲಿನ ಲೆಕ್ಕದ ಬೆನ್ನಿಗೇ ಆ ವರ್ಷ ಕೂಡಿಸಿದ ಸಾಲುಗಳ ಪಟ್ಟಿ, ಅಂಚಿನಲ್ಲಿ ಶ್ರಾವಣ ಸೋಮವಾರಗಳ ಗುರುತು. ಹರಿಯುವಂತಿರಲಿಲ್ಲ. ಕೊನೆಗೆ ಪುಸ್ತಕ ದೊಡ್ಡಮ್ಮನ ಬಳಿಯೇ ಉಳಿಯಲಿ ಎಂದು, ಶಿಷ್ಯರೂ ನಾನೂ ಅದನ್ನು ಜೆರಾಕ್ಸ್ ಮಾಡಿಸಲು ಮುಖ್ಯರಸ್ತೆಯ ಅಂಗಡಿಗೆ ಹೊರಟೆವು.