ಬೊಳ್ಳುವಿನ 208: ಉಳಿಸುವುದಾ, ಕೀಳಿಸುವುದಾ?

ನಿರ್ಧಾರ ಆಯಿತು. ನಮ್ಮ ನಾಯಿ ಬೊಳ್ಳುವಿನ 208ನೇ ನಂಬರ್ ಹಲ್ಲು ಕೀಳಿಸುತ್ತೇವೆ, 108 ಉಳಿಸಿಕೊಳ್ಳುತ್ತೇವೆ. ಈ ಒಂದು ಸಾಲು ಬರೆಯಲು ಇಡೀ ಮಳೆಗಾಲ ಬೇಕಾಯಿತು.

ನಾಯಿಯ 42 ಹಲ್ಲಿಗೂ ಡಾಕ್ಟರ್‌ಗಳು ಒಂದೊಂದು ನಂಬರ್ ಕೊಟ್ಟಿದ್ದಾರೆ. 108 ಅಂದರೆ ಮೇಲಿನ ದವಡೆಯ ಬಲಬದಿಯ ದೊಡ್ಡ ಕತ್ತರಿ ಹಲ್ಲು, 208 ಅಂದರೆ ಎಡಬದಿಯದ್ದು. ಎರಡಕ್ಕೂ ಮೂರು ಮೂರು ಬೇರು. ಜೊಲ್ಲಿನ ನಾಳ ಬಾಯಿಗೆ ತೆರೆಯುವುದೂ ಇವುಗಳ ಹತ್ತಿರವೇ. ಹಾಗಾಗಿ ಹಲ್ಲಿಗೆ ಅಂಟುವ ಪಾಚಿ ಬೇಗ ಕಲ್ಲಾಗುವುದು ಇಲ್ಲೇ, ಅದೂ ಕೆನ್ನೆಯ ಕಡೆಗೆ. ಬೊಳ್ಳು ಒಂಬತ್ತು ವರ್ಷದ ಪೊಮೇರಿಯನ್. ಸಣ್ಣ ದವಡೆ, ಒತ್ತಾದ ಹಲ್ಲು. ವಸಡಿನ ಕಾಯಿಲೆ ಇಂಥ ನಾಯಿಗಳನ್ನೇ ಹುಡುಕಿಕೊಂಡು ಬರುತ್ತದೆ.

ಸ್ಕೇಲಿಂಗ್ (ಕಲ್ಲು ಕೆರೆದು ತೆಗೆಯುವುದು), ಪಾಲಿಶಿಂಗ್ ವಿವರ ಬಿಡುತ್ತೇನೆ. ಒಂದು ವಿಷಯ ಮಾತ್ರ ಹೇಳಲೇಬೇಕು. ನಮ್ಮ ಮಂಗಳೂರಿನ ಬೆಜೈ ಕಡೆ ಒಬ್ಬರು ಅನಸ್ತೇಶಿಯಾ ಇಲ್ಲದೆ, ಎಚ್ಚರ ಇರುವಾಗಲೇ ಹಲ್ಲು ಕ್ಲೀನ್ ಮಾಡಿಕೊಡುತ್ತೇವೆ ಅಂದರು. ದಯವಿಟ್ಟು ಬೇಡ. ಹಾಗೆ ಮಾಡಿದರೆ ಕಣ್ಣಿಗೆ ಕಾಣುವ ಭಾಗ ಬೆಳ್ಳಗಾಗುತ್ತದೆ, ಅಷ್ಟೇ. ಕಾಯಿಲೆ ಇರುವುದು ವಸಡಿನ ಕೆಳಗೆ. ಎಚ್ಚರ ಇರುವ ನಾಯಿ ಅಲ್ಲಿಗೆ ಯಾರ ಕೈಯನ್ನೂ ಬಿಡುವುದಿಲ್ಲ. ಅನಸ್ತೇಶಿಯಾ ಕೊಟ್ಟು ಗಂಟಲಿಗೆ ಟ್ಯೂಬ್ ಹಾಕಿದರೆ ಸ್ಕೇಲರ್‌ನ ನೀರು ಶ್ವಾಸಕೋಶಕ್ಕೆ ಹೋಗುವ ಭಯವೂ ಕಡಿಮೆ.

ಅನಸ್ತೇಶಿಯಾಕ್ಕೆ ಮೊದಲು ರಕ್ತಪರೀಕ್ಷೆ ಮಾಡಿಸಿದಾಗ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆ ಬಂತು. ಟಿಕ್ ಫೀವರ್. ನಮ್ಮ ಕರಾವಳಿಯ ಹಿತ್ತಲಲ್ಲಿ ಉಣ್ಣೆಗೆ ಬರವೇ ಇಲ್ಲ ಅಲ್ವಾ. ವಸಡಲ್ಲಿ ರಕ್ತ ಬರುತ್ತಿದ್ದುದಕ್ಕೆ ಅದೂ ಒಂದು ಕಾರಣ ಇರಬಹುದು ಅಂದರು ಡಾಕ್ಟರ್. ನಾಯಿಗೆ ಪ್ಲೇಟ್‌ಲೆಟ್ 2 ಲಕ್ಷಕ್ಕಿಂತ ಕೆಳಗಿದ್ದರೆ ಎಚ್ಚರ ಬೇಕು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್‌ನ 28 ದಿನದ ಕೋರ್ಸ್ ಮುಗಿಸಿ, ಮತ್ತೆ ರಕ್ತ ನೋಡಿ, ಆಮೇಲೆ ಹೊರಟೆವು. ಬಾಯಲ್ಲಿ ರಕ್ತ ಕಂಡರೆ ನೀವೂ ಈ ಟೆಸ್ಟ್ ಬಿಡಬೇಡಿ.

ಹೊರಟಿದ್ದು ಬೆಂಗಳೂರಿಗೆ. ಮನುಷ್ಯರ ಹಲ್ಲಿಗೆ ನಮ್ಮೂರಲ್ಲಿ ಲೈಟ್ ಹೌಸ್ ಹಿಲ್‌ನಿಂದ ದೇರಳಕಟ್ಟೆವರೆಗೆ ಕಾಲೇಜುಗಳೇ ಇವೆ. ಆದರೆ ನಾನು ವಿಚಾರಿಸಿದ ಯಾವ ಪ್ರಾಣಿ ಕ್ಲಿನಿಕ್‌ನಲ್ಲೂ ಹಲ್ಲಿನ ಎಕ್ಸ್-ರೇ ಸಿಗಲಿಲ್ಲ. ಎಕ್ಸ್-ರೇ ಇಲ್ಲದೆ ಬೇರಿನ ಸುತ್ತ ಎಲುಬು ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಶಿರಾಡಿ ಘಾಟಿಯ ಮಳೆಯ ಬಗ್ಗೆ ಏನೂ ಬರೆಯುವುದಿಲ್ಲ. ಬೊಳ್ಳು ಪೂರ್ತಿ ದಾರಿ ನನ್ನ ತೊಡೆಯ ಮೇಲೆ ಮಲಗಿದ್ದ.

ಅಲ್ಲಿ ಪ್ರೋಬ್ (ಅಳತೆಯ ಸಣ್ಣ ಕಡ್ಡಿ) ಹಾಕಿ ಒಂದೊಂದೇ ಹಲ್ಲು ಅಳೆದರು. ನಾಯಿಯ ವಸಡಿನ ಸಂದು 3 ಮಿಲಿಮೀಟರ್‌ವರೆಗೆ ಇದ್ದರೆ ಸರಿ. 108ರಲ್ಲಿ 4 ಬಂತು. ಅದು ಸುಲಭ. ವಸಡಿನ ಒಳಗೆ ಬೇರನ್ನು ಕೆರೆದು ನುಣುಪು ಮಾಡಿ ಪಾಕೆಟ್‌ಗೆ (ಆಳವಾದ ಆ ಸಂದಿಗೆ) ಡಾಕ್ಸಿಸೈಕ್ಲಿನ್ ಜೆಲ್ ತುಂಬಿದರು. 208ರ ಹಿಂದಿನ ಬೇರಿನ ಹತ್ತಿರ 7 ಬಂತು. ಬೇರುಗಳು ಕವಲೊಡೆಯುವ ಜಾಗದಲ್ಲಿ ಪ್ರೋಬ್ ಅರ್ಧಕ್ಕಿಂತ ಜಾಸ್ತಿ ಒಳಗೆ ಹೋಯಿತು, ಆದರೆ ಆಚೆ ಬದಿಗೆ ಬರಲಿಲ್ಲ. ಎಕ್ಸ್-ರೇಯಲ್ಲಿ ಆ ಒಂದು ಬೇರಿನ ಪಕ್ಕದಲ್ಲೇ ಎಲುಬು ಆಳಕ್ಕೆ ಕೊರೆದು ಹೋಗಿದೆ. ಮುಂದಿನ ಎರಡು ಬೇರು ಗಟ್ಟಿ.

208ರ ಒಟ್ಟು ಲೆಕ್ಕ ವಸಡಿನ ಕಾಯಿಲೆಯ ಮೂರನೇ ಹಂತ. ಹಲ್ಲಿನ ಆಧಾರ 25ರಿಂದ 50 ಶೇಕಡಾ ಹೋಗಿದೆ ಅಂತ ಅರ್ಥ. ಬರೀ ವಸಡು ಕೆಂಪಾಗಿರುವ ಮೊದಲ ಹಂತ ಆಗಿದ್ದರೆ ಕ್ಲೀನ್ ಮಾಡಿ ಬ್ರಷ್ ಹಿಡಿದರೆ ಮುಗಿಯುತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಹೋದ ನಾಲ್ಕನೇ ಹಂತ ಆಗಿದ್ದರೆ ಹೆಚ್ಚಾಗಿ ಕೀಳುವುದೇ. ಈ ಮೂರನೆಯದ್ದು ನಡುವೆ ನಿಂತು ನಮ್ಮ ಮುಖ ನೋಡುತ್ತದೆ. ಅವತ್ತಿಗೆ ಅನಸ್ತೇಶಿಯಾ ಸಾಕಷ್ಟು ಹೊತ್ತಾಗಿತ್ತು. ಬೊಳ್ಳುವಿನ ಎದೆಯಲ್ಲಿ ಸಣ್ಣ ಮರ್ಮರ್ (ಹೃದಯದ ಬಡಿತದ ಜೊತೆ ಕೇಳುವ ಅಸಹಜ ಸದ್ದು) ಬೇರೆ ಇದೆ. ಹಾಗಾಗಿ 208 ಕ್ಲೀನ್ ಮಾಡಿ ಅಲ್ಲಿಗೆ ನಿಲ್ಲಿಸಿದರು. "ಎರಡೂ ಮಾಡಬಹುದು, ಯೋಚಿಸಿ ಹೇಳಿ" ಅಂದರು.

ಉಳಿಸುವ ದಾರಿ ಹೀಗೆ. ವಸಡು ಬಿಡಿಸಿ ಬೇರು ತೆರೆದು ಕ್ಲೀನ್ ಮಾಡುವುದು, ಎಲುಬು ಕೊರೆದ ಜಾಗಕ್ಕೆ ಗ್ರಾಫ್ಟ್ (ಎಲುಬು ಮತ್ತೆ ಬೆಳೆಯಲು ಹಾಕುವ ವಸ್ತು) ತುಂಬಿ ಪೊರೆ ಮುಚ್ಚಿ ಹೊಲಿಯುವುದು. ಆರು ತಿಂಗಳ ನಂತರ ಮತ್ತೆ ಅನಸ್ತೇಶಿಯಾ ಕೊಟ್ಟು ಎಕ್ಸ್-ರೇ. ಇದೆಲ್ಲದರ ಮೇಲೆ ಮನೆಯಲ್ಲಿ ದಿನಾ ಬ್ರಷ್, ಸರಿಯಾಗಿ ಆ ಸಂದಿಗೆ ಹೋಗುವ ಹಾಗೆ. ಮೊದಲು ನನ್ನ ಮನಸ್ಸು ಪೂರ್ತಿ ಇದರ ಕಡೆಗೇ ಇತ್ತು. ಒಳ್ಳೆಯ ಬೇರು ಎರಡಿರುವಾಗ ಕೀಳುವುದು ಹೇಗೆ?

ಅಕ್ಕನ ಮಗಳು ಡೆಂಟಲ್ ಓದುತ್ತಿದ್ದಾಳೆ. ಎಕ್ಸ್-ರೇಯನ್ನು ಫೋನಲ್ಲಿ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದಳು. "ಮಾಮ, ಪೇಶಂಟ್ ಮನುಷ್ಯ ಆಗಿದ್ದರೆ ಉಳಿಸಿ ಅಂತಿದ್ದೆ. ಇಲ್ಲಿ 208, ಅದರ ಹಿಂದಿನ 209ರ ನಡುವೆ ದಿನಾ ಕ್ಲೀನ್ ಮಾಡೋದು ಯಾರು?"

ಆ ಪ್ರಶ್ನೆಯೇ ದಾರಿ ತೋರಿಸಿತು. ಅಲ್ಲಿಯವರೆಗೆ ನಾನು ನೋಡುತ್ತಿದ್ದದ್ದು ಎಲುಬನ್ನು. ನೋಡಬೇಕಿದ್ದದ್ದು ಬ್ರಷ್ ಹೋಗುತ್ತದಾ ಅಂತ. ಮರುದಿನದಿಂದ ಎರಡೂ ಬದಿಯನ್ನು ಇದೇ ಕಣ್ಣಿಂದ ನೋಡಿದೆ. ಬಲಬದಿಗೆ ಬೊಳ್ಳು ಆರಾಮಾಗಿ ಬಿಡುತ್ತಾನೆ. 108ರ ವಸಡಿನ ಅಂಚಿಗೆ ಬ್ರಷ್ ಓರೆಯಾಗಿ ಕೂರುತ್ತದೆ. ಎಡಬದಿಯಲ್ಲಿ 209 ಒಳಕ್ಕೆ ತಿರುಗಿದೆ. ಆ ಸಂದಿಗೆ ಬ್ರಷ್‌ನ ಕೂದಲು ತಾಗುವುದೇ ಇಲ್ಲ. ಪಾಚಿ ಎರಡು ಮೂರು ದಿನದಲ್ಲಿ ಕಲ್ಲಾಗಲು ಶುರುವಾಗುತ್ತದೆ. ಎಷ್ಟು ಒಳ್ಳೆಯ ಸರ್ಜರಿ ಮಾಡಿಸಿದರೂ ಆ ಜಾಗ ಮತ್ತೆ ತುಂಬುತ್ತದೆ. ತುಂಬಿ ಕೀವು ಬೇರಿನ ತುದಿಗೆ ತಲುಪಿದರೆ ಕಣ್ಣಿನ ಕೆಳಗೆ ಬಾವು ಬರಬಹುದು. ಮರ್ಮರ್ ಇರುವ ನಾಯಿಗೆ ಒಂದು ಅನಸ್ತೇಶಿಯಾ ತಪ್ಪಿದರೂ ಒಳ್ಳೆಯದೇ. ಹಾಗಾಗಿ ಕೀಳಿಸುವುದು.

ಅಮ್ಮನಿಗೆ ಇದು ಒಪ್ಪಿಗೆ ಆಗಿರಲಿಲ್ಲ. "ಕತ್ತರಿ ಹಲ್ಲೇ ತೆಗೆದರೆ ಬೂತಾಯಿ ಮೀನು ಹೇಗೆ ತಿನ್ನುವುದು ಮಗಾ?" ತಿನ್ನುತ್ತಾನಮ್ಮಾ. ಕುಚ್ಚಲಕ್ಕಿ ಅನ್ನ, ಮೀನು ಅವನು ಅಗಿಯುವುದೇ ಕಡಿಮೆ, ನುಂಗುವುದು ಜಾಸ್ತಿ. ಹಲ್ಲು ಕೀಳಿಸಿದ ನಾಯಿಗಳು ಗಾಯ ಮಾಗಿದ ಮೇಲೆ ಚೆನ್ನಾಗಿಯೇ ತಿನ್ನುತ್ತವೆ. ಈಗ ತಿನ್ನುತ್ತಿದ್ದಾನೆ ಅಂತ ನೋವಿಲ್ಲ ಅಂದುಕೊಳ್ಳುವುದೂ ಸರಿಯಲ್ಲ. ನಾಯಿಗಳು ಹಲ್ಲುನೋವು ಇಟ್ಟುಕೊಂಡೇ ಬಟ್ಟಲು ಖಾಲಿ ಮಾಡುತ್ತವೆ. ಪಕ್ಕದ ಮನೆಯವರು ಸುಮ್ನೆ ಒಂದು ಕೋರ್ಸ್ ಆಂಟಿಬಯೋಟಿಕ್ ಕೊಡಿ ಅಂದರು. ಅದರಿಂದ ವಾಸನೆ ಸ್ವಲ್ಪ ದಿನ ಕಡಿಮೆಯಾಗುತ್ತದೆ. ಕಲ್ಲು, ಪಾಕೆಟ್ ಎರಡೂ ಅಲ್ಲೇ ಇರುತ್ತವೆ, ವಾಸನೆ ವಾಪಸ್ ಬರುತ್ತದೆ.

ಈಗ ಸಾಮಾನು ಮಾರುವವರ ವಿಷಯ. ನಾಯಿ ಹಲ್ಲಿನ ಎನ್‌ಜೈಮ್ ಪೇಸ್ಟ್ ಆರ್ಡರ್ ಮಾಡಿದರೆ ಎಕ್ಸ್‌ಪೈರಿ ಹತ್ತಿರ ಬಂದ ಟ್ಯೂಬ್ ಕಳಿಸುತ್ತಾರೆ. ಫೋನ್ ಮಾಡಿದರೆ "ಅಷ್ಟರೊಳಗೆ ಮುಗಿಸಿ ಸಾರ್" ಅನ್ನುತ್ತಾರೆ. ಬೆರಳಿಗೆ ಹಾಕುವ ಬ್ರಷ್ ನನ್ನ ಹೆಬ್ಬೆರಳಿಗೂ ಸಡಿಲ, ಪೊಮೇರಿಯನ್ ಬಾಯಿಗೆ ಹೋಗುವುದು ಎಲ್ಲಿಂದ ಬಂತು? ಕಡೆಗೆ ಚಿಕ್ಕ ಮಕ್ಕಳ ಮೆತ್ತನೆ ಬ್ರಷ್ ತಂದೆ, ಅದೇ ಸರಿ. ಇನ್ನೊಂದು ಅಂಗಡಿಯಲ್ಲಿ ಜಿಂಕೆ ಕೊಂಬು ಕೊಟ್ಟು "ಇದು ಕಡಿದರೆ ಹಲ್ಲು ಕ್ಲೀನ್" ಅಂದರು. ಉಗುರು ಊರಿದರೆ ಗುರುತು ಬೀಳದಷ್ಟು ಗಟ್ಟಿ ಇರುವುದನ್ನು ನಾಯಿಗೆ ಕೊಡಬೇಡಿ. ಕತ್ತರಿ ಹಲ್ಲು ಸಿಗಿದು ಹೋಗಬಹುದು. ನೀರಿಗೆ ಹಾಕುವ ಒಂದು ಬಾಟಲಿಯ ಲೇಬಲ್ ಓದಿದರೆ ಅದರಲ್ಲಿ ಜೈಲಿಟಾಲ್ ಎಂಬ ಸಿಹಿ ಪದಾರ್ಥ. ನಾಯಿಗೆ ಅದು ವಿಷ. ರಕ್ತದ ಸಕ್ಕರೆ ಇಳಿಯುತ್ತದೆ, ಲಿವರ್ ಹಾಳಾಗಬಹುದು. ಅಂಗಡಿಯವರಿಗೆ ಹೇಳಿದೆ. ಮುಂದಿನ ವಾರವೂ ಅದು ಶೆಲ್ಫಲ್ಲೇ ಇತ್ತು. ನನಗೆ ತುಂಬಾ ಸಿಟ್ಟು ಬಂದದ್ದು ಅಲ್ಲೇ.

ನಡುವೆ ಇನ್ನೊಂದು ಕೆಲಸ ತಲೆಗೆ ಹೊಕ್ಕಿದೆ. ಹಲಸಿನ ಹಲಗೆಯಲ್ಲಿ ಗದ್ದ ಇಡುವ ಪುಟ್ಟ ಸ್ಟೂಲ್. ಮೇಲೆ ಹಳೆ ಯೋಗ ಮ್ಯಾಟ್ ಅಂಟಿಸಿ, ಬೊಳ್ಳು ತಾನಾಗಿ ಗದ್ದ ಇಟ್ಟರೆ ಮಾತ್ರ ಬ್ರಷ್ ಶುರು, ಎತ್ತಿದರೆ ನಿಲ್ಲಿಸುವುದು. ಬಾಯಿ ಅದುಮಿ ಹಿಡಿಯುವ ಕೆಲಸವೇ ಇಲ್ಲ. ಜಗಲಿಯ ಅಂಚಿನ ಎತ್ತರಕ್ಕೆ ಸ್ಕೆಚ್ ಆಗಿದೆ. ಅಕ್ಕನ ಮನೆಗೆ ಮರಿ ಬರುವುದಿದೆ. ಅದಕ್ಕೆ 28 ಹಾಲುಹಲ್ಲು ಇರುವಾಗಲೇ ಈ ಸ್ಟೂಲಿಗೆ ಅಭ್ಯಾಸ ಮಾಡಿಸಬೇಕು ಅಂತ ಆಸೆ.

208ಕ್ಕೆ ನವರಾತ್ರಿಗೆ ಮೊದಲೇ ದಿನ ಗೊತ್ತು ಮಾಡಿದ್ದೇವೆ. ನಮ್ಮ ಓಣಿಗೆ ಪಿಲಿವೇಷದ (ಹುಲಿವೇಷದ) ತಾಸೆ ವಾದ್ಯ ಬಂದರೆ ಬೊಳ್ಳು ಬಾಗಿಲು ಕಚ್ಚುತ್ತಾನೆ. ಹೊಲಿಗೆ ಅಷ್ಟರೊಳಗೆ ಮಾಗಿರಬೇಕು. ಹಲ್ಲನ್ನು ಮೂರು ತುಂಡು ಮಾಡಿ ಒಂದೊಂದೇ ಬೇರು ತೆಗೆಯುತ್ತಾರೆ, ತುದಿ ಒಳಗೆ ಉಳಿದಿಲ್ಲ ಅಂತ ಕಡೆಗೊಂದು ಎಕ್ಸ್-ರೇ. ಎರಡು ವಾರ ಮೆತ್ತನೆ ಗಂಜಿ. ಬಾಯಿಗೆ 0.12 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರಾವಣ ಬರೆದಿದ್ದಾರೆ. ಮೆಡಿಕಲ್‌ಗಳಲ್ಲಿ ನನಗೆ ಸಿಕ್ಕಿದ್ದೆಲ್ಲ 0.2, ಅದೂ ಮನುಷ್ಯರದ್ದು. ಮಂಗಳೂರು, ಉಡುಪಿ ಕಡೆ ನಾಯಿಗೆಂದೇ ಮಾಡಿದ 0.12 ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ತಿಳಿಸಿ. ಬ್ಯಾಚಿನ ಎಕ್ಸ್‌ಪೈರಿ ತಾರೀಕೂ ಜೊತೆಗೆ ಹೇಳಿ.