ಏಳೋಳು, ಬೀಸೋಳು, ಹಾಡೋಳು

ಒಂಬತ್ತನೇ ತರಗತಿಯ ಮಕ್ಕಳಿಗೆ ಆ ಶನಿವಾರ ಒಂದು ಕೆಲಸ ಕೊಟ್ಟಿದ್ದೆ. ಮನೆಯಲ್ಲಿ ಅಜ್ಜಿ, ತಾತ ಯಾರಿದ್ದರೂ ಸರಿ, ಪಕ್ಕದಲ್ಲಿ ಕೂತು ಕೇಳಿ. ನಿಮ್ಮ ವಯಸ್ಸಿನಲ್ಲಿ ಅವರ ಮನೆ ಹೇಗಿತ್ತು, ದಿನ ಹೇಗೆ ಕಳೀತಿತ್ತು ಅಂತ. ಅವರು ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಬರ್ಕೊಂಡು ಬನ್ನಿ. ಸೋಮವಾರ ಎಲ್ಲರೂ ಸೇರಿ ಇಂಗ್ಲಿಷ್ ಮಾಡೋಣ.

ಪಾಠ 'ಯೂಸ್ಡ್ ಟು'. ಪ್ರತಿ ವರ್ಷ ಮಾಡುವ ಪಾಠವೇ. ಬೋರ್ಡಿನ ಮೇಲೆ ಸೂತ್ರ ಬರೆದರೆ ಮಕ್ಕಳು ನೀಟಾಗಿ ಬರ್ಕೋತಾರೆ, ಪರೀಕ್ಷೆಯಲ್ಲಿ ಬಿಟ್ಟ ಸ್ಥಳವನ್ನೂ ಸರಿಯಾಗಿ ತುಂಬ್ತಾರೆ. ಆದರೆ ಮಾತಾಡಲು ಹೇಳಿದರೆ, 'ಐ ಯೂಸ್ ಟು ಗೆಟ್ ಅಪ್ ಅಟ್ ಸಿಕ್ಸ್' ಅಂತಾರೆ. "ಈಗ ಆರಕ್ಕೆ ಏಳಲ್ವಾ?" ಅಂದರೆ, "ಏಳ್ತೀನಿ ಮಿಸ್, ದಿನಾ" ಅನ್ನುವ ಉತ್ತರ. ಅವರ ತಲೆಯಲ್ಲಿ ಆ ಮಾತಿಗೆ 'ದಿನಾ' ಅಂತ ಮಾತ್ರ ಅರ್ಥ ಕೂತಿದೆ. 'ಆಗ ದಿನಾ, ಈಗ ಇಲ್ಲ' ಅನ್ನುವುದು ಇಳಿದಿಲ್ಲ. ಮಕ್ಕಳ ಕಿವಿಯದೂ ತಪ್ಪಿಲ್ಲ. 'ಯೂಸ್ಡ್ ಟು' ಅಂತ ಬರೆದರೂ ಬಾಯಲ್ಲಿ ಬರುವುದು 'ಯೂಸ್ಟು'. ಕೊನೆಯ ಡಕಾರ ಕೇಳಿಸುವುದೇ ಇಲ್ಲ.

ಸೋಮವಾರ ಮೊದಲು ಎದ್ದು ನಿಂತವಳು ಕೊನೇ ಬೆಂಚಿನ ಹುಡುಗಿ. ತರಗತಿಯಲ್ಲಿ ತಾನಾಗಿ ಬಾಯಿ ತೆರೆಯುವವಳೇ ಅಲ್ಲ. ಅಜ್ಜಿ ಹೇಳಿದ್ದನ್ನು ಅಜ್ಜಿಯ ದನಿಯಲ್ಲೇ ಓದಿದಳು.

"ನಮ್ಮವ್ವ ಕೋಳಿ ಕೂಗೋ ಹೊತ್ಗೆ ಏಳೋಳು. ರಾಗಿ ಬೀಸೋಳು. ಬೀಸ್ತಾ ಬೀಸ್ತಾ ಹಾಡೋಳು. ನಾನು ಅವ್ವನ ತೊಡೆ ಮೇಲೆ ತಲೆ ಇಟ್ಕೊಂಡು ಮಲಗಿರ್ತಿದ್ದೆ. ಹಿಟ್ಟು ಕೂದಲ ಮೇಲೆಲ್ಲ ಬೀಳೋದು."

ಇಡೀ ತರಗತಿ ಸುಮ್ಮನಾಯಿತು. ನಾನೂ. ಆಮೇಲೆ, "ಇಂಗ್ಲಿಷಲ್ಲಿ ಹೇಳು ನೋಡೋಣ" ಅಂದೆ. "ಹರ್ ಮದರ್ ವಾಸ್ ಗ್ರೈಂಡಿಂಗ್ ರಾಗಿ" ಅಂದಳು.

"ಹೂಂ, ಬೀಸ್ತಾ ಇದ್ದಳು. ಆಮೇಲೆ ಏನಾಯ್ತು?"

ಅವಳು ಪುಸ್ತಕ ನೋಡಿದಳು. ಅಲ್ಲಿ ಆಮೇಲೇನೂ ಇರಲಿಲ್ಲ. ಮುಂದಿನ ಬೆಂಚಿನ ಹುಡುಗನೊಬ್ಬ, "ಅಷ್ಟರಲ್ಲಿ ಕರು ಹಗ್ಗ ಬಿಚ್ಕೊಂಡು ಓಡೋಯ್ತು ಮಿಸ್" ಅಂದ. ಎಲ್ಲರೂ ನಕ್ಕರು. ಅವನು ಹೇಳಿದ್ದು ಸರಿಯಾಗೇ ಇತ್ತು. 'ವಾಸ್ ಗ್ರೈಂಡಿಂಗ್' ಅಂತ ಅಷ್ಟೇ ಹೇಳಿ ನಿಲ್ಲಿಸಿದರೆ ಕೇಳುವವರು ಕಾಯ್ತಾ ಇರ್ತಾರೆ, ಅಷ್ಟರಲ್ಲಿ ಏನೋ ಆಗಿರಬೇಕು ಅಂತ. ಅದು ಒಂದು ದಿನದ, ಒಂದು ಗಳಿಗೆಯ ಮಾತು. ಅಜ್ಜಿ ಹೇಳಿದ್ದು ವರ್ಷಗಟ್ಟಲೆ ನಡೆದದ್ದು.

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಈ ಪಾಠವನ್ನು ನಾನು 'ಬೀಸುತ್ತಿದ್ದಳು' ಅನ್ನುವ ಪುಸ್ತಕದ ಕನ್ನಡದಿಂದ ಶುರು ಮಾಡುತ್ತಿದ್ದೆ. ಆ ಒಂದು ರೂಪವೇ ಎರಡು ಕೆಲಸ ಮಾಡುತ್ತದೆ. 'ನಾನು ಹೋದಾಗ ಬೀಸುತ್ತಿದ್ದಳು' ಅಂದರೆ ಆ ಗಳಿಗೆ. 'ದಿನಾ ಬೀಸುತ್ತಿದ್ದಳು' ಅಂದರೆ ರೂಢಿ. ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತದೆ, ಮಕ್ಕಳು ಅಲ್ಲೇ ಎಡವುತ್ತಾರೆ. ಆದರೆ ಅಜ್ಜಿಯ 'ಬೀಸೋಳು' ಅನ್ನುವುದಕ್ಕೆ ಈ ಗೊಂದಲವೇ ಇಲ್ಲ. ಹಿಂದಿನ ಮಾತು ಹೇಳುವಾಗ ಅದಕ್ಕೆ ರೂಢಿ ಅನ್ನುವ ಒಂದೇ ಅರ್ಥ. ತಾತ ಹೇಳೋರು, ಮಾವ ಬರೋನು, ಮಳೆ ಹುಯ್ಯೋದು. ಎಲ್ಲ ಕಡೆಯ ಕನ್ನಡದಲ್ಲೂ ಹೀಗೇ ಅಂತ ನಾನು ಹೇಳಲ್ಲ. ನಮ್ಮ ಮಂಡ್ಯ, ಮೈಸೂರು ಕಡೆ ಹಳಬರ ಬಾಯಲ್ಲಿ ಇದು ದಿನದ ಮಾತು.

ಅದನ್ನು ನಾನೇ ಎಷ್ಟು ಸಲ ತಿದ್ದಿದ್ದೇನೆ. 'ಏಳೋಳು ಅನ್ಬಾರದು, ಏಳುತ್ತಿದ್ದಳು ಅನ್ನು' ಅಂತ. ಬರೆಯುವಾಗ ತಿದ್ದಲಿ, ಬೇಡ ಅನ್ನಲ್ಲ. ಆದರೆ ಇಂಗ್ಲಿಷ್ ಕಲಿಯಲು ಮಕ್ಕಳ ಕೈಯಲ್ಲೇ ಇದ್ದ ಕೀಲಿಯನ್ನು ಕಿತ್ತುಕೊಂಡ ಹಾಗಾಗಿತ್ತು. ಅದು ನೆನಪಾಗಿ ಮನಸ್ಸಿಗೆ ಕಷ್ಟವಾಯಿತು.

ಅವತ್ತು ಬೋರ್ಡನ್ನು ಪೂರ್ತಿ ಅಳಿಸಿ ಒಂದು ಕಡೆ 'ಏಳೋಳು', ಇನ್ನೊಂದು ಕಡೆ 'ಯೂಸ್ಡ್ ಟು ಗೆಟ್ ಅಪ್' ಅಂತ ಬರೆದೆ. ಸೂತ್ರ ಬರೆಯಲೇ ಇಲ್ಲ. 'ಬೀಸೋಳು' ಕೆಳಗೆ ಬರೆದಾಗ ಮಕ್ಕಳೇ 'ಯೂಸ್ಡ್ ಟು ಗ್ರೈಂಡ್' ಅಂತ ಕೂಗಿದರು. 'ಹಾಡೋಳು' ಬಂದಾಗ, "ಇಲ್ಲಿ 'ವುಡ್ ಸಿಂಗ್' ಅನ್ನಬಹುದು" ಅಂದೆ. ಮೊದಲು ಒಂದು ಸಲ 'ಯೂಸ್ಡ್ ಟು' ಹೇಳಿ ಆ ಕಾಲಕ್ಕೆ ಕರ್ಕೊಂಡು ಹೋದ ಮೇಲೆ, ಮುಂದಿನ ಕೆಲಸಗಳನ್ನೆಲ್ಲ 'ವುಡ್' ಹಿಡಿದುಕೊಂಡು ಹೇಳಿಕೊಂಡು ಹೋದರೆ ಕಥೆ ಸರಾಗವಾಗಿ ಸಾಗುತ್ತದೆ.

ಇಲ್ಲೊಂದು ಸಂಗತಿ ನನಗೆ ತುಂಬಾ ಇಷ್ಟ. 'ವುಡ್' ಅನ್ನುವುದು 'ವಿಲ್' ಅನ್ನುವುದರ ಹಿಂದಿನ ರೂಪ. 'ವಿಲ್' ನಾಳೆಯ ಮಾತು. ನಮ್ಮ 'ಏಳೋಳು' ಕೂಡ 'ಏಳುವವಳು'. 'ಏಳುವ', 'ಬರುವ' ಅನ್ನುವುದನ್ನು ನಾವೂ ನಾಳೆಗೆ ಬಳಸುತ್ತೇವೆ, 'ನಾಳೆ ಬರುವ ಬಸ್ಸು' ಅಂತೀವಲ್ಲ. ಎಲ್ಲೆಲ್ಲಿಯೋ ಹುಟ್ಟಿದ ಎರಡು ಭಾಷೆ, ಹಳೇ ರೂಢಿ ಹೇಳಲು ಎರಡೂ ನಾಳೆಯ ಮಾತನ್ನೇ ಹಿಡಿದವು. ಮಕ್ಕಳಿಗೆ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು ಅನ್ನಿಸುತ್ತೆ.

ಎಲ್ಲ ಕಡೆ ಕನ್ನಡ ಕೈ ಹಿಡಿಯುವುದಿಲ್ಲ. ಒಬ್ಬನ ತಾತ, ಆಲೆಮನೆಯ ಮಾತು ಹೇಳುತ್ತಾ, "ನಮ್ಮನೇಲಿ ಗಾಣಕ್ಕೆ ನಾಕೆತ್ತು ಇರೋವು" ಅಂದಿದ್ದರು. ಹುಡುಗ ಹುರುಪಿನಲ್ಲಿ 'ವಿ ವುಡ್ ಹ್ಯಾವ್ ಫೋರ್ ಬುಲಕ್ಸ್' ಅಂದ. ಅದು ಆಗಲ್ಲ. ಇರುವುದು, ಗೊತ್ತಿರುವುದು, ಇಷ್ಟವಾಗುವುದು, ಇಂಥವಕ್ಕೆ 'ವುಡ್' ಒಗ್ಗುವುದಿಲ್ಲ. ಏನೋ ಆಗಿದ್ದರೆ ನಾಲ್ಕು ಎತ್ತು ಇರುತ್ತಿದ್ದವು ಅನ್ನುವ ಹಾಗೆ ಕೇಳಿಸುತ್ತದೆ. ಅಲ್ಲಿ 'ಯೂಸ್ಡ್ ಟು ಹ್ಯಾವ್' ಅಂತಲೇ ಅನ್ನಬೇಕು. ಎತ್ತು ಗಾಣ ಸುತ್ತುವುದಕ್ಕೆ ಮಾತ್ರ 'ವುಡ್' ಚೆನ್ನಾಗಿ ಕೂರುತ್ತದೆ. ತಾತ ಕೊಪ್ಪರಿಗೆಯ ಬಿಸಿ ಬೆಲ್ಲವನ್ನು ಬಾಳೆ ಎಲೆ ಮೇಲೆ ಹಾಕಿಸಿಕೊಂಡು ತಿನ್ನೋರಂತೆ. ಅದಕ್ಕೂ.

ಇಲ್ಲ ಅನ್ನುವುದನ್ನು ಬೇಗ ಮುಗಿಸಿದೆ. 'ಡಿಡ್' ಬಂದ ಮೇಲೆ ಹಿಂದಿನ ಕಾಲದ ಗುರುತು ಅದರಲ್ಲೇ ಇದೆ, ಹಾಗಾಗಿ 'ಡಿಡಂಟ್ ಯೂಸ್ ಟು' ಅಂತ ಬರೆಯುವಾಗ ಡಕಾರ ಬಿಡಬೇಕು, ಅಷ್ಟೇ. 'ಐ ಆಮ್ ಯೂಸ್ಡ್ ಟು' ಅಂದರೆ ನನಗೆ ರೂಢಿಯಾಗಿದೆ ಅಂತ, ಅದು ಬೇರೆಯೇ ಪಾಠ, ನಾಳೆಗೆ ಇಟ್ಟೆ.

ಗಂಟೆ ಹೊಡೆಯಲು ಐದು ನಿಮಿಷವಿತ್ತು. ಆ ಹುಡುಗಿ ಮತ್ತೆ ಕೈ ಎತ್ತಿದಳು.

"ಮಿಸ್, ನಮ್ಮಜ್ಜಿ ಅವ್ವನ ಅದೇ ಹಾಡು ಈಗ್ಲೂ ಹೇಳುತ್ತೆ. ಬೀಸೋಕಲ್ಲು ಹಿತ್ಲಲ್ಲಿ ಬಿದ್ದಿದೆ, ರಾಗಿ ಮಿಲ್ಲಿಗೆ ಹೋಗುತ್ತೆ. ಆದ್ರೂ ಅಕ್ಕಿ ಕೇರುವಾಗ ಹೇಳುತ್ತೆ. ಅದಕ್ಕೂ 'ಯೂಸ್ಡ್ ಟು' ಹಾಕಿದ್ರೆ ಹೇಳೋದು ನಿಲ್ಸಿಬಿಟ್ಟಿದೆ ಅಂತ ಆಗಲ್ವಾ?"

ನಾನು ಸೂತ್ರದಲ್ಲಿ ಯಾವತ್ತೂ ಇಳಿಸಲಾಗದೇ ಇದ್ದದ್ದು ಅವಳಿಗೆ ಅಜ್ಜಿಯಿಂದ ಇಳಿದಿತ್ತು. ಚಾಕ್‌ಪೀಸು ಅವಳ ಕೈಗೇ ಕೊಟ್ಟೆ. ಅವಳು ಬೋರ್ಡಿನ ತುದಿಯಲ್ಲಿ, ಉಳಿದಿದ್ದ ಜಾಗದಲ್ಲಿ, ಒತ್ತಿ ಒತ್ತಿ ಬರೆದಳು: ಹರ್ ಮದರ್ ವುಡ್ ಸಿಂಗ್. ಮೈ ಗ್ರ್ಯಾಂಡ್‌ಮದರ್ ಸ್ಟಿಲ್ ಸಿಂಗ್ಸ್.